ಪ್ಲೇಟ್‌ಲೆಟ್ ಕುಸಿತ: ಅಂಕಿಯ ಭಯ, ಲಕ್ಷಣಗಳ ಅಲಕ್ಷ್ಯ

ಮಳೆಗಾಲ ಬಂತೆಂದರೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಡೆಂಗಿ ಜ್ವರದೊಂದಿಗೆ ಪ್ಲೇಟ್‌ಲೆಟ್ ಲೆಕ್ಕದ ಆತಂಕವೂ ಹರಡುತ್ತದೆ. 2024ರ ಜುಲೈನಲ್ಲಿ ಹೆಚ್ಚು ಪ್ರಕರಣಗಳು ವರದಿಯಾದ ಜಿಲ್ಲೆಗಳ ಸಾಲಿನಲ್ಲಿ ಹಾವೇರಿಯೂ ಇತ್ತು. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು.

'ಬಿಳಿ ರಕ್ತಕಣ ಇಳಿದಿವೆ' ಎಂಬ ಮಾತು ಇಂತಹ ದಿನಗಳಲ್ಲಿ ಸಾಮಾನ್ಯ. ಆದರೆ ಪ್ಲೇಟ್‌ಲೆಟ್‌ಗಳು ಬಿಳಿ ರಕ್ತಕಣಗಳಲ್ಲ. ಅಸ್ಥಿಮಜ್ಜೆಯಲ್ಲಿ ಹುಟ್ಟಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಸೂಕ್ಷ್ಮ ಕಿರುಬಿಲ್ಲೆಗಳು ಅವು. ಒಂದು ಮೈಕ್ರೊಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇದ್ದರೆ ಸಹಜ. ಡೆಂಗಿಯಷ್ಟೇ ಅಲ್ಲ, ಮಲೇರಿಯಾ, ಇಲಿಜ್ವರ, ಯಕೃತ್ತಿನ ಕಾಯಿಲೆ, ಕೆಲವು ಔಷಧಗಳಿಂದಲೂ ಸಂಖ್ಯೆ ಇಳಿಯುತ್ತದೆ. ಮಾದರಿಯಲ್ಲಿ ಕಿರುಬಿಲ್ಲೆಗಳು ಪರಸ್ಪರ ಅಂಟಿಕೊಂಡರೆ ಯಂತ್ರ ತಪ್ಪು ಲೆಕ್ಕ ತೋರಿಸುವುದೂ ಉಂಟು.

ಸಂಖ್ಯೆ 50 ಸಾವಿರಕ್ಕೆ ಇಳಿದೊಡನೆ ಪ್ಲೇಟ್‌ಲೆಟ್ ಹುಡುಕಿಕೊಂಡು ಹುಬ್ಬಳ್ಳಿಗೋ ದಾವಣಗೆರೆಗೋ ಧಾವಿಸುವ ಕುಟುಂಬಗಳಿವೆ. ರಕ್ತಸ್ರಾವ ಇಲ್ಲದಿದ್ದರೆ ಸಂಖ್ಯೆ 10 ಸಾವಿರಕ್ಕಿಂತ ಕೆಳಗಿಳಿದಾಗ ಮಾತ್ರ ಮುನ್ನೆಚ್ಚರಿಕೆಯಾಗಿ ಪ್ಲೇಟ್‌ಲೆಟ್ ನೀಡಬಹುದು ಎನ್ನುತ್ತದೆ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿ. ಗಂಭೀರ ರಕ್ತಸ್ರಾವವಿದ್ದರೆ ಮಾತ್ರ ಲೆಕ್ಕಾಚಾರ ಬೇರೆ. ಸಂಗ್ರಹಿಸಿದ ಪ್ಲೇಟ್‌ಲೆಟ್‌ನ ಆಯುಷ್ಯವಾದರೂ ಸಾಮಾನ್ಯವಾಗಿ 5 ದಿನ. ಅನಗತ್ಯವಾಗಿ ಬಳಸಿದರೆ ನಿಜವಾಗಿ ಬೇಕಾದವರಿಗೆ ಕೊರತೆ ಕಟ್ಟಿಟ್ಟದ್ದು.

ಡೆಂಗಿಯಲ್ಲಿ ಜೀವಕ್ಕೆ ಹೆಚ್ಚು ಅಪಾಯ ತರುವುದು ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವ ಸ್ಥಿತಿ. ಅದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ ಎದುರಾಗುತ್ತದೆ. 'ಜ್ವರ ಬಿಟ್ಟಿತು' ಎಂದು ಮನೆಮಂದಿ ನಿಟ್ಟುಸಿರು ಬಿಡುವ ವೇಳೆಯೇ ಎಚ್ಚರ ಬೇಕಾದ ವೇಳೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು-ಮೂಗಿನಲ್ಲಿ ರಕ್ತ, ಕಪ್ಪು ಮಲ, ಮಂಪರು, ತಣ್ಣಗಾದ ಕೈಕಾಲು ಕಂಡರೆ ಪ್ಲೇಟ್‌ಲೆಟ್ ಸಂಖ್ಯೆ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಲ್ಲವು.

2024ರಲ್ಲಿ ಸರ್ಕಾರ ಖಾಸಗಿ ಪ್ರಯೋಗಾಲಯಗಳ ಡೆಂಗಿ ಪರೀಕ್ಷಾ ದರಕ್ಕೆ ಮಿತಿ ಹಾಕಿದ್ದು ಸ್ವಾಗತಾರ್ಹವೇ. ಆದರೆ ರೋಗ ಪತ್ತೆಯಷ್ಟೇ ಮುಖ್ಯ ನಂತರದ ನಿಗಾ. ಪ್ಲೇಟ್‌ಲೆಟ್ ಜತೆಗೆ ರಕ್ತದ ಸಾಂದ್ರತೆ ತಿಳಿಸುವ ಪಿಸಿವಿ ಪರೀಕ್ಷೆ ಮತ್ತು ಸಕಾಲಕ್ಕೆ ಅಳತೆಯರಿತು ನೀಡುವ ಗ್ಲೂಕೋಸ್-ಸಲೈನ್ ತಾಲ್ಲೂಕು ಮಟ್ಟದಲ್ಲಿ ಹಗಲಿರುಳೂ ದೊರೆತರೆ, ದೂರದ ನಗರಗಳಿಗೆ ರಾತ್ರೋರಾತ್ರಿ ಓಡುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ.