ಮನೆಯೊಳಗಿನ ಸಮ್ಮೇಳನ

ಕನ್ನಡ ಸಾಹಿತ್ಯ ಸಮ್ಮೇಳನ ಆರಂಭವಾದದ್ದು 1915ರಲ್ಲಿ. ಅದಕ್ಕೆ ಮೊದಲ ಬಾರಿಗೆ ಮಹಿಳೆಯೊಬ್ಬರು, ಜಯದೇವಿತಾಯಿ ಲಿಗಾಡೆ, ಅಧ್ಯಕ್ಷರಾದದ್ದು 1974ರಲ್ಲಿ, ಮಂಡ್ಯದಲ್ಲಿ. ಹಾಗಾದರೆ ಅಲ್ಲಿಯವರೆಗೆ ಹೆಂಗಸರ ಬಳಿ ಹೇಳುವ ಮಾತೇ ಇರಲಿಲ್ಲವೆ? ಇತ್ತು. ಅದು ಅಡುಗೆಮನೆಯಲ್ಲಿ, ಬಾಣಂತಿ ಕೋಣೆಯಲ್ಲಿ ನಡೆಯುತ್ತಿತ್ತು.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನೇ ನೋಡಿ. ಬಾಲವಿಧವೆಯಾಗಿದ್ದ ಹೆಂಗಸೊಬ್ಬರು ತಮ್ಮ ಬಾಳಿನ ಕಥೆಯನ್ನು ಲೇಖಕಿಯ ತಾಯಿಗೆ ಹೇಳಿದ್ದರು. ತಾಯಿಯಿಂದ ಮಗಳಿಗೆ ಬಂದ ಆ ಕಥೆ 1976ರಲ್ಲಿ ಪುಸ್ತಕವಾಯಿತು. ಮುಂದೆ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಹೇಳುವವರು, ಕೇಳುವವರು, ಬರೆಯುವವರು, ಈ ಮೂವರಲ್ಲಿ ಒಬ್ಬರಿಲ್ಲದಿದ್ದರೂ ಕಥೆ ಅಲ್ಲಿಗೇ ನಿಂತುಹೋಗುತ್ತಿತ್ತು.

ನಮ್ಮ ಜಿಲ್ಲೆಗೇ ಬರೋಣ. ಹಾಸನದ ಬಾನು ಮುಷ್ತಾಕ್ ಹೆರಿಗೆಯ ನಂತರದ ಖಿನ್ನತೆಯನ್ನು ಕಂಡುಂಡ ತಾಯಿ. ಸಂಸಾರ, ವಕೀಲಿ ವೃತ್ತಿಗಳ ನಡುವೆ ಅವರು ಬರೆದ 12 ಕಥೆಗಳನ್ನು ಮುಂದಿನ ತಲೆಮಾರಿನ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು.

ವಿದ್ಯಾರ್ಥಿಗಳೇ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಿಮ್ಮ ಮನೆಗಳಲ್ಲೂ ಅಜ್ಜಿ ಹೇಳುತ್ತಾರೆ, ಅಮ್ಮ ಕೇಳುತ್ತಾರೆ. ಆದರೆ ಬರೆಯಲು ಅಮ್ಮನಿಗೆ ಬಿಡುವೆಲ್ಲಿ? ಈ ಭಾನುವಾರ ಪಾತ್ರೆ ತೊಳೆಯುವುದನ್ನು ನೀವೂ ಅಪ್ಪನೂ ಹಂಚಿಕೊಳ್ಳಿ. ಅಮ್ಮನ ಕೈಗೆ ಒಂದು ನೋಟ್‌ಪುಸ್ತಕ ಕೊಡಿ. ಅಜ್ಜಿಗೆ ಬರೆಯಲು ಬಾರದಿದ್ದರೆ ಅವರ ಮಾತನ್ನು ನೀವೇ ಬರೆದುಕೊಳ್ಳಿ. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಬರೆಯುವಂತೆ, ಕಂಡದ್ದನ್ನು ಕಂಡ ಹಾಗೆ, ತಾರೀಖು ಸಮೇತ. ಅಜ್ಜಿಯ ಹೆಸರನ್ನು ಮಾತ್ರ ಮರೆಯಬೇಡಿ.