ಯುರೇನಿಯಂ ಗಣಿ: ವಿಕಿರಣಕ್ಕಿಂತ ಮೊದಲು ನೀರಿನ ಪ್ರಶ್ನೆ

ಇಟಗಿ (ಗದಗ ಜಿಲ್ಲೆ): ಭೀಮಾಂಬಿಕಾ ದೇವಿಯ ಕ್ಷೇತ್ರವೆಂದು ಹೆಸರಾದ ರೋಣ ಸೀಮೆಯ ಇಟಗಿ ಯುರೇನಿಯಂ ನಕ್ಷೆಯಲ್ಲಿ ಕಾಣುವ ಊರಲ್ಲ. ಆದರೆ ಇಲ್ಲಿಂದ ಪಶ್ಚಿಮಕ್ಕೆ ಬೆಳಗಾವಿ ಜಿಲ್ಲೆಯ ದೇಶನೂರಿನ ಬಳಿ ಮರಳುಗಲ್ಲಿನಲ್ಲಿ ಯುರೇನಿಯಂ ಕುರುಹುಗಳು ದೊರೆತಿವೆ. ಈಶಾನ್ಯಕ್ಕೆ ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಗಣಿಗಾರಿಕೆಗೆ ಯೋಗ್ಯವೆನಿಸುವ ನಿಕ್ಷೇಪವೇ ಇದೆ. ಇವೆರಡರ ನಡುವಿನ ಈ ಎರೆಸೀಮೆಯ ಜನರಿಗೆ ಭೂಸ್ವಾಧೀನ, ಅಹವಾಲು ಸಭೆ ಎಂಬ ಮಾತುಗಳು ಅಪರಿಚಿತವಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕು ಸ್ಥಾವರಕ್ಕೆ ಭೂಮಿ ಕೊಡಲು ರೈತರು ಒಪ್ಪದಿದ್ದಾಗ, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಅವರ ಬೆನ್ನಿಗೆ ನಿಂತರು. ಕಂಪೆನಿ ಹಿಂದೆ ಸರಿಯಿತು. ಜನ ಮಾತನಾಡಿದರೆ ಕೇಳಿಸುತ್ತದೆಂಬ ನಂಬಿಕೆಗೆ ಈ ಜಿಲ್ಲೆಯಲ್ಲಿ ಒಂದು ಆಧಾರವಿದೆ.

ಆ ನಂಬಿಕೆಯನ್ನು ಮರುಪರಿಶೀಲಿಸಬೇಕಾದ ಆದೇಶವೊಂದು 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯಿಂದ ಹೊರಬಿತ್ತು. ಪರಮಾಣು ಖನಿಜ, ನಿರ್ಣಾಯಕ ಖನಿಜ ಹಾಗೂ ವ್ಯೂಹಾತ್ಮಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿ ಕೇಂದ್ರ ಪರಿಸರ ಸಚಿವಾಲಯ ಜ್ಞಾಪನ ಪತ್ರ ಹೊರಡಿಸಿತು. ಗುತ್ತಿಗೆಯ ವಿಸ್ತೀರ್ಣ ಎಷ್ಟೇ ಇರಲಿ, ಇಂಥ ಯೋಜನೆಗಳನ್ನು ಕೇಂದ್ರದ ಮಟ್ಟದಲ್ಲಿಯೇ ಪರಿಶೀಲಿಸಲಾಗುವುದು ಎಂಬುದು ಅದರ ತಿರುಳು. ಅಂದರೆ, ಒಂದು ಕಲ್ಲನ್ನು ಯಾವ ವರ್ಗಕ್ಕೆ ಸೇರಿಸಲಾಗಿದೆ ಎಂಬುದರ ಮೇಲೆ ಆ ಊರಿನವರು ಮಾತನಾಡುವ ಅವಕಾಶ ನಿಂತಿದೆ. ಹಾಗಾದರೆ ಆ ಕಲ್ಲು ಯಾವುದು, ಅದರ ಸ್ವಭಾವವೇನು ಎಂಬುದನ್ನು ಓದುಗರು ತಿಳಿಯುವುದು ಅಗತ್ಯ. ಅದರ ಗುಣವನ್ನು ಬಲ್ಲವರು ಮೊದಲು ಕೇಳುವ ಪ್ರಶ್ನೆ ವಿಕಿರಣದ್ದಲ್ಲ, ನೀರಿನದು.

ಡಾಂಬರಿನಂಥ ಕಪ್ಪು ಕಲ್ಲು

ಯುರೇನಿಯಂನ ಮುಖ್ಯ ಅದಿರು ಯುರೇನಿನೈಟ್. ರಾಸಾಯನಿಕವಾಗಿ ಇದು ಯುರೇನಿಯಂ ಡೈಆಕ್ಸೈಡ್: ಒಂದು ಯುರೇನಿಯಂ ಪರಮಾಣುವಿಗೆ ಎರಡು ಆಮ್ಲಜನಕ. ಖನಿಜಶಾಸ್ತ್ರದ ವರ್ಗೀಕರಣದಲ್ಲಿ ಇದರ ಸ್ಥಾನ ಆಕ್ಸೈಡ್‌ಗಳ ಸಾಲಿನಲ್ಲಿ. ಥೋರಿಯಂನ ಥೋರಿಯನೈಟ್ ಮತ್ತು ಸೀರಿಯಂನ ಸೀರಿಯನೈಟ್ ಇದರ ಒಡಹುಟ್ಟುಗಳು. ಮೂರರ ಹರಳುಗಳೂ ಘನಾಕೃತಿಯ ಒಂದೇ ಬಗೆಯ ಜೋಡಣೆಯವು. ಥೋರಿಯನೈಟ್ ಬೆಳಕಿಗೆ ಬಂದ ಬಗೆ ಕುತೂಹಲಕರ. ಕಳೆದ ಶತಮಾನದ ಆದಿಯಲ್ಲಿ ಸಿಂಹಳದ ಖನಿಜ ಸಮೀಕ್ಷೆಯ ಮುಖ್ಯಸ್ಥರಾಗಿದ್ದವರು ಅದನ್ನು ಮೊದಲು ಯುರೇನಿನೈಟ್ ಎಂದೇ ಭಾವಿಸಿದ್ದರು. ಅವರು ಬೇರಾರೂ ಅಲ್ಲ, ಮುಂದೆ ಭಾರತೀಯ ಕಲೆಯ ವ್ಯಾಖ್ಯಾನಕಾರರಾಗಿ ಜಗತ್ತಿಗೆ ಪರಿಚಿತರಾದ ಆನಂದ ಕುಮಾರಸ್ವಾಮಿ.

ಯುರೇನಿನೈಟ್ ಕಪ್ಪು ಅಥವಾ ಕಂದುಗಪ್ಪು ಬಣ್ಣದ್ದು. ಗಡಸುತನದಲ್ಲಿ ಮೋಸ್ ಮಾಪಕದ 5ರಿಂದ 6. ಕೈಗೆತ್ತಿಕೊಂಡರೆ ಅಚ್ಚರಿಯಾಗುವಷ್ಟು ಭಾರ. ಶುದ್ಧ ರೂಪದಲ್ಲಿ ಸಾಂದ್ರತೆ ನೀರಿನ ಹನ್ನೊಂದು ಪಟ್ಟಿಗೆ ಸಮೀಪ, ನಿಸರ್ಗದಲ್ಲಿ ದೊರೆಯುವ ಮಾದರಿಗಳಲ್ಲಿ ತುಸು ಕಡಿಮೆ. ಹರಳುಗಟ್ಟದೆ ಗೆಡ್ಡೆಗೆಡ್ಡೆಯಾಗಿ, ಡಾಂಬರಿನ ಹೊಳಪಿನಿಂದ ಕಾಣುವ ಬಗೆಗೆ ಪಿಚ್‌ಬ್ಲೆಂಡ್ ಎಂಬ ಹೆಸರು. 1789ರಲ್ಲಿ ಜರ್ಮನಿಯ ಕ್ಲಾಪ್ರೋತ್ ಯುರೇನಿಯಂ ಧಾತುವನ್ನು ಗುರುತಿಸಿದ್ದು ಇದರಲ್ಲಿಯೇ. 1895ರಲ್ಲಿ ವಿಲಿಯಂ ರ‍್ಯಾಮ್ಸೆ ಭೂಮಿಯ ಮೇಲೆ ಮೊದಲ ಬಾರಿಗೆ ಹೀಲಿಯಂ ಅನಿಲವನ್ನು ಬೇರ್ಪಡಿಸಿದ್ದು ಇದರದೇ ಒಂದು ಪ್ರಭೇದದಿಂದ. ಅದರಲ್ಲಿನ ಯುರೇನಿಯಂ ಪ್ರಮಾಣಕ್ಕೆ ಹೋಲಿಸಿದರೆ ವಿಕಿರಣ ಹೆಚ್ಚಾಗಿದೆಯಲ್ಲ ಎಂಬ ಮೇರಿ ಕ್ಯೂರಿಯವರ ಸಂದೇಹ 1898ರಲ್ಲಿ ಪೊಲೋನಿಯಂ ಹಾಗೂ ರೇಡಿಯಂಗಳ ಶೋಧಕ್ಕೆ ದಾರಿಯಾಯಿತು.

ಆ ಸಂದೇಹದ ಉತ್ತರ ಇಂದಿಗೂ ಗಣಿಯ ಚರ್ಚೆಗೆ ಪ್ರಸ್ತುತ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಅದರ ವಿಕಿರಣ ಬಲು ನಿಧಾನದ್ದು. ಕಲ್ಲಿನ ವಿಕಿರಣದ ಬಹುಪಾಲು ಅದರ ಸಂತತಿಯದು: ಥೋರಿಯಂ-230, ರೇಡಿಯಂ-226, ರೇಡಾನ್ ಅನಿಲ ಇತ್ಯಾದಿ. ಅದಿರಿನಿಂದ ಯುರೇನಿಯಂ ಒಂದನ್ನೇ ತೆಗೆದುಕೊಂಡು ಹೋದಾಗ ಈ ಸಂತತಿಯೆಲ್ಲ ಗಿರಣಿಯ ತ್ಯಾಜ್ಯ ಕೊಳದಲ್ಲಿಯೇ ಉಳಿಯುತ್ತದೆ. ಮೂಲ ಅದಿರಿನ ವಿಕಿರಣದಲ್ಲಿ ಶೇ 85ರಷ್ಟು ಹೀಗೆ ಹಿಂದುಳಿಯುತ್ತದೆಂಬುದು ಒಪ್ಪಿತ ಲೆಕ್ಕ. ರೇಡಿಯಂ-226 ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಂಥ ಕೊಳವೊಂದನ್ನು ಕಟ್ಟಿದ್ದರೆ, ಅದರ ಕಾವಲು ಇಂದಿಗೂ ಮುಗಿಯುತ್ತಿರಲಿಲ್ಲ.

ಗಾಳಿ ಸೋಕಿದರೆ ಕರಗುವ ಗುಣ

ಆದರೆ ಈ ಖನಿಜದ ನಿರ್ಣಾಯಕ ಗುಣ ಬೇರೆಯೇ ಇದೆ. ಆಮ್ಲಜನಕವಿಲ್ಲದ ಆಳದಲ್ಲಿ ಯುರೇನಿನೈಟ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಅಲ್ಲಿ ಯುರೇನಿಯಂ ನಾಲ್ಕು ವೇಲೆನ್ಸಿಯ ಸ್ಥಿತಿಯಲ್ಲಿರುತ್ತದೆ. ಗಾಳಿಯ ಆಮ್ಲಜನಕ ಸೇರಿದೊಡನೆ ಅದು ಆರಕ್ಕೇರುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಇದ್ದರೆ ಅದರೊಂದಿಗೆ ಕೂಡಿ ಸಲೀಸಾಗಿ ಕರಗಿ ಹರಿಯತೊಡಗುತ್ತದೆ. ಕಲ್ಲಾಗಿದ್ದುದು ನೀರಿನ ಜೊತೆಗಾರನಾಗಲು ಇಷ್ಟೇ ಸಾಕು.

ಇದಕ್ಕೆ ಸಾಕ್ಷಿ ನಮ್ಮ ಪಶ್ಚಿಮಘಟ್ಟದಲ್ಲಿಯೇ ಇದೆ. ಕಾರ್ಕಳ ಸಮೀಪದ ವಾಲಿಕುಂಜ ಪ್ರದೇಶದಲ್ಲಿ, ಬಾಬಾಬುಡನ್ ಶಿಲಾಶ್ರೇಣಿಯ ತಳದ ಬೆಣಚುಗಲ್ಲಿನ ಉಂಡೆಶಿಲೆಗಳ ನಡುವೆ ಯುರೇನಿನೈಟ್ ಕಣಗಳು ಸಿಕ್ಕಿವೆ. ಇವು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಹೊಳೆಯ ನೀರಿನಲ್ಲಿ ಉರುಳಿಬಂದು ನಿಂತ ಕಣಗಳು ಎಂಬುದು ಭೂವಿಜ್ಞಾನಿಗಳ ವಿವರಣೆ. ಇಂದಿನ ಹೊಳೆಯಲ್ಲಿ ಇವು ಹೀಗೆ ಉಳಿಯುತ್ತಿರಲಿಲ್ಲ, ಕರಗಿ ಹೋಗುತ್ತಿದ್ದವು. ಅಂದಿನ ವಾತಾವರಣದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿತ್ತು ಎಂಬ ವಾದಕ್ಕೆ ದಕ್ಷಿಣ ಆಫ್ರಿಕ ಮತ್ತು ಕೆನಡಗಳ ಇಂಥ ಶಿಲೆಗಳನ್ನೇ ಜಗತ್ತು ಆಧಾರವಾಗಿ ತೋರಿಸುತ್ತದೆ.

ಗೋಗಿಯ ಸಂಗತಿಗೆ ಬರೋಣ. ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಸಮಾಧಿಗಳಿರುವ ಈ ಊರಿನ ಬಳಿ, ಭೀಮಾ ಕಣಿವೆಯ ಸುಣ್ಣಕಲ್ಲು ಹಾಗೂ ಅದರಡಿಯ ಗ್ರಾನೈಟ್‌ಗಳ ಬಿರುಕುಗಳಲ್ಲಿ ಯುರೇನಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯ 1990ರ ದಶಕದಲ್ಲಿ ಗುರುತಿಸಿತು. ಇಲ್ಲಿನ ಮುಖ್ಯ ಖನಿಜಗಳು ಎರಡು: ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್. ಮೊದಲನೆಯದು ಆಕ್ಸೈಡ್, ಎರಡನೆಯದು ಸಿಲಿಕೇಟ್. ಅದಿರಿನ ಗುಣಮಟ್ಟ ಶೇ 0.2ಕ್ಕೆ ಸಮೀಪ. ಶೇ 0.1ನ್ನೂ ಮುಟ್ಟದ ಜಾರ್ಖಂಡದ ಜಾದೂಗುಡದ ಎದುರು ಇದು ಶ್ರೀಮಂತ; ಶೇ 10ನ್ನೂ ಮೀರುವ ಕೆನಡದ ಗಣಿಗಳ ಎದುರು ಬಡವ. ಟನ್ ಅದಿರಿಗೆ ಎರಡು ಕಿಲೋ ಸಿಗುತ್ತದೆಂದರೆ ಉಳಿದ 998 ಕಿಲೋ ಪುಡಿಯಾಗಿ ಶಹಾಪುರದ ನೆಲದ ಮೇಲೆಯೇ ಎಲ್ಲೋ ಒಂದು ಕಡೆ ಕೂರಬೇಕು. ಅದೂ ಮೇಲ್ದಂಡೆ ಕೃಷ್ಣಾ ಕಾಲುವೆಯ ನೀರು ಕಂಡ ತಾಲ್ಲೂಕಿನಲ್ಲಿ.

ಜಾದೂಗುಡದಲ್ಲಿ ಯುರೇನಿಯಂ ನಿಗಮ ಅದಿರನ್ನು ಗಂಧಕಾಮ್ಲದಲ್ಲಿ ಕರಗಿಸುತ್ತದೆ. ಗೋಗಿಗೆ ಆ ವಿಧಾನ ಒಗ್ಗದು. ಸುಣ್ಣಕಲ್ಲೇ ಆಮ್ಲವನ್ನೆಲ್ಲ ನುಂಗಿಬಿಡುತ್ತದೆ. ಆದಕಾರಣ ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲಿಯಲ್ಲಿರುವಂತೆ ಕ್ಷಾರ ವಿಧಾನವೇ ಗತಿ: ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ ದ್ರಾವಣಕ್ಕೆ ಶಾಖ, ಒತ್ತಡ, ಆಮ್ಲಜನಕಗಳನ್ನು ಸೇರಿಸಿ ಯುರೇನಿಯಂ ಕರಗಿಸುವುದು. ಓದುಗರು ಗಮನಿಸಿರಬಹುದು, ಭೂಮಿಯೊಳಗೆ ಗಾಳಿ ಮತ್ತು ಗಡಸು ನೀರು ಸೇರಿ ಮೆಲ್ಲಗೆ ಮಾಡುವ ಕೆಲಸವೂ ಇದೇ. ಗಣಿಗಾಗಿ ಅಂತರ್ಜಲವನ್ನು ಪಂಪ್ ಮಾಡಿ ಹೊರಹಾಕಿದಾಗ ಗಾಳಿ ಅದಿರಿನವರೆಗೆ ಇಳಿಯುತ್ತದೆ. ಸುತ್ತ ಇರುವುದು ಸುಣ್ಣಕಲ್ಲು. ತುಮ್ಮಲಪಲ್ಲಿಯ ತ್ಯಾಜ್ಯ ಕೊಳದಿಂದ ಬಾವಿಗಳು ಕೆಟ್ಟಿವೆಯೆಂದು ಅಲ್ಲಿನ ರೈತರು ದೂರಿದ್ದಾರೆ, ನಿಗಮ ಅದನ್ನು ನಿರಾಕರಿಸಿದೆ. ಯಾರು ಸರಿ ಎಂಬುದನ್ನು ತೀರ್ಮಾನಿಸಲು ಗಣಿ ಆರಂಭವಾಗುವ ಮುನ್ನಿನ ನೀರಿನ ಲೆಕ್ಕ ಇಬ್ಬರ ಕೈಯಲ್ಲೂ ಇರಬೇಕು.

ಗಣಿಯೇ ಇಲ್ಲದ ಊರುಗಳು

ಈ ಲೆಕ್ಕ ಏಕೆ ಮುಖ್ಯವೆಂಬುದನ್ನು ಪೂರ್ವ ಕರ್ನಾಟಕ ತೋರಿಸಿಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚ ಹವಾಮಾನ ಬದಲಾವಣೆ ಕೇಂದ್ರದ ವಿಜ್ಞಾನಿಗಳು ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೊದಲಾದ ಜಿಲ್ಲೆಗಳ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. 57 ಹಳ್ಳಿಗಳಲ್ಲಿ ಯುರೇನಿಯಂ ಪ್ರಮಾಣ ಲೀಟರಿಗೆ 30 ಮೈಕ್ರೊಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ದಾಟಿತ್ತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ 60 ಮೈಕ್ರೊಗ್ರಾಂನ ಸಡಿಲ ಮಿತಿಯೂ 48 ಹಳ್ಳಿಗಳಲ್ಲಿ ಮೀರಿತ್ತು. ಅಲ್ಲೆಲ್ಲೂ ಯುರೇನಿಯಂ ಗಣಿಯಿಲ್ಲ. ಇರುವುದು ಗ್ರಾನೈಟ್ ಬಂಡೆ ಮತ್ತು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದ ಕೊಳವೆಬಾವಿಗಳು. ನೀರಿನಲ್ಲಿನ ಯುರೇನಿಯಂನಿಂದ ಮೊದಲು ಘಾಸಿಗೊಳ್ಳುವುದು ಮೂತ್ರಪಿಂಡ, ಅದೂ ವಿಕಿರಣದಿಂದಲ್ಲ. ಸೀಸದಂತೆ ಇದೂ ರಾಸಾಯನಿಕ ವಿಷ.

ಇದರಿಂದ ಎರಡು ಪಕ್ಷಗಳ ಮಾತೂ ಸಡಿಲಗೊಳ್ಳುತ್ತದೆ. ನೀರಿನಲ್ಲಿ ಯುರೇನಿಯಂ ಕಂಡೊಡನೆ ಗಣಿಯನ್ನೇ ದೂರುವಂತಿಲ್ಲ. ಇದೆಲ್ಲ ನಿಸರ್ಗಸಹಜ, ಆದ್ದರಿಂದ ಗಣಿಯಿಂದ ಹೊಸ ಅಪಾಯವಿಲ್ಲ ಎಂದು ಅಧಿಕಾರಿಗಳು ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಿಸರ್ಗವೇ ಇಷ್ಟು ಕರಗಿಸಿರುವಾಗ, ಬಂಡೆಯನ್ನು ಒಡೆದು ಗಾಳಿಗೆ ತೆರೆದಿಟ್ಟರೆ ಇನ್ನೆಷ್ಟು ಕರಗೀತು ಎಂಬುದೇ ಪ್ರಶ್ನೆ.

ಇಂಥ ಪ್ರಶ್ನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಒಂದು ವೇದಿಕೆಯಿತ್ತು. ಅಹವಾಲು ಸಭೆಗಳು ಹಲವು ಕಡೆ ಕಾಟಾಚಾರವಾಗಿದ್ದವು ಎಂಬುದನ್ನು ಅಲ್ಲಗಳೆಯಲಾಗದು. ಆದರೂ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಊರಿಗೆ ಬರುತ್ತಿತ್ತು, ಬಾವಿಯ ಮಾಲೀಕ ಎದ್ದುನಿಂತು ಆಡಿದ ಮಾತು ದಾಖಲೆಗೆ ಸೇರುತ್ತಿತ್ತು. ದೇಶದ ಇಂಧನ ಭದ್ರತೆಗೆ ಯುರೇನಿಯಂ ಬೇಕೆಂಬ ಸರಕಾರದ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕೈಗಾ ಸ್ಥಾವರವೂ ಇದೇ ಇಂಧನದಿಂದ ನಡೆಯುತ್ತದೆ. ಆದರೆ ಯಾವ ಖನಿಜದ ಸ್ವಭಾವ ನೆರೆಹೊರೆಯ ಬಾವಿಗಳೊಂದಿಗೆ ಇಷ್ಟು ಹೆಣೆದುಕೊಂಡಿದೆಯೋ, ಅದಕ್ಕೇ ಈ ವಿನಾಯಿತಿ ದೊರೆತಿರುವುದು ವಿಪರ್ಯಾಸ. ಗಣಿ ಮತ್ತು ಖನಿಜಗಳ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ ಲಿಥಿಯಂ, ಬೆರಿಲಿಯಂ, ನಯೋಬಿಯಂ ಮೊದಲಾದ ಆರು ಬಗೆಯ ಖನಿಜಗಳನ್ನು ಪರಮಾಣು ಪಟ್ಟಿಯಿಂದ ತೆಗೆದು ಖಾಸಗಿಯವರಿಗೂ ಬಾಗಿಲು ತೆರೆಯಿತು. ಯುರೇನಿಯಂ, ಥೋರಿಯಂಗಳನ್ನು ಮಾತ್ರ ಅಲ್ಲಿಯೇ ಉಳಿಸಿತು. ಇವು ಉಳಿದವುಗಳಂತಲ್ಲ ಎಂಬುದನ್ನು ಕಾನೂನೇ ಒಪ್ಪಿದಂತಾಯಿತು.

ರಾಜ್ಯ ಸರಕಾರ ಇದಕ್ಕಾಗಿ ದೆಹಲಿಯ ದಾರಿ ಕಾಯಬೇಕಿಲ್ಲ. ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೊಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಬ್ಯೂರೊ ಈಗಾಗಲೇ ಗೊತ್ತುಪಡಿಸಿದೆ. ಗೋಗಿ, ದೇಶನೂರು ಸುತ್ತಲಿನ ಬಾವಿಗಳನ್ನು ಪರೀಕ್ಷಿಸಿ, ಊರುವಾರು ಅಂಕಿಗಳನ್ನು ಇಂದೇ ಪ್ರಕಟಿಸಿದರೆ, ನಾಳೆ ಗಣಿ ಬಂದಾಗ ಹೋಲಿಕೆಗೆ ಆಧಾರ ಸಿಗುತ್ತದೆ. ಫ್ಲೋರೈಡ್ ನೀರಿನ ಕಷ್ಟ ಉಂಡ ಗದಗ ಜಿಲ್ಲೆಗೂ ಈ ಪರೀಕ್ಷೆ ವ್ಯರ್ಥವಾಗದು. ಸದ್ಯಕ್ಕೆ ಗ್ರಾಮ ಪಂಚಾಯಿತಿಗಳಿಗೆ ಜಲಜೀವನ ಮಿಷನ್ ಅಡಿ ಕೊಟ್ಟಿರುವ ಪರೀಕ್ಷಾ ಕಿಟ್‌ಗಳು ಫ್ಲೋರೈಡ್, ನೈಟ್ರೇಟ್, ಗಡಸುತನಗಳನ್ನು ತೋರಿಸುತ್ತವೆ. ಯುರೇನಿಯಂ ಅಳೆಯುವ ವ್ಯವಸ್ಥೆ ಅವುಗಳಲ್ಲಿಲ್ಲ. ಅದಕ್ಕೆ ಮಾದರಿಯನ್ನು ಲೇಸರ್ ಉಪಕರಣವಿರುವ ಪ್ರಯೋಗಾಲಯಕ್ಕೇ ಕಳಿಸಬೇಕು.