ಎರಡನೇ ಆಲ್ಬಮ್ಮಿನ ಧೈರ್ಯ

ಕಳೆದ ತಿಂಗಳು ಮೈಸೂರಿನ ಅಜ್ಜಿ ಜೊತೆ ವಿಡಿಯೋ ಕಾಲ್. ನನ್ನ ಎಂಟು ವರ್ಷದ ಮಗ ಉತ್ಸಾಹದಲ್ಲಿ ಶುರುಮಾಡಿದ: "ಅಜ್ಜಿ, ಇವತ್ತು ನಮ್ಮ ಟೀಚರ್ ಹೇಳಿತು..." ಪಕ್ಕದಿಂದ ನಾನು, "ಹೇಳಿತು ಅಲ್ಲ ಪುಟ್ಟ, ಹೇಳಿದರು." ಮತ್ತೆ ಶುರುಮಾಡಿದ, ಮತ್ತೆ ತಿದ್ದಿದೆ. ಮೂರನೇ ಸಲಕ್ಕೆ ಫೋನ್ ನನ್ನ ಕೈಗಿಟ್ಟು, "ಯು ಟೆಲ್ ಹರ್, ಅಮ್ಮ" ಎಂದು ಎದ್ದು ಹೋದ. ಅತ್ತ ಅಮ್ಮ ಕೇಳಿದರು: "ಅಲ್ವೇ, ಟೀಚರ್ ಏನು ಹೇಳಿದರು ಅಂತ ಕೊನೆಗೂ ಗೊತ್ತಾಗಲೇ ಇಲ್ಲವಲ್ಲ?"

ಆಮೇಲೆ ಮೂರು ವಾರ ಅವನು ಅಜ್ಜಿಗೆ "ಹಾಯ್", "ಬಾಯ್" ಬಿಟ್ಟು ಬೇರೇನೂ ಹೇಳಲಿಲ್ಲ.

ನನಗೆ ದಾರಿ ತೋರಿಸಿದ್ದು ಭಾಷಾಶಾಸ್ತ್ರದ ಪುಸ್ತಕವಲ್ಲ. ಶನಿವಾರ ಅಡುಗೆ ಮಾಡುತ್ತಾ ಹಾಕಿಕೊಂಡ ಒಂದು ಹಳೆಯ ಆಲ್ಬಮ್: ಕೊವೆಂಟ್ರಿಯ 'ದಿ ಸ್ಪೆಷಲ್ಸ್' ಬ್ಯಾಂಡಿನ 'ಮೋರ್ ಸ್ಪೆಷಲ್ಸ್', 1980ರದ್ದು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕಾ ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಯ ಹೊತ್ತಿಗೆ. ಅಲ್ಲಿನ ಮೆಂಟೊ, ಕೆರಿಬಿಯನ್ ಕ್ಯಾಲಿಪ್ಸೊ, ಅಮೆರಿಕದ ರಿದಮ್ ಅಂಡ್ ಬ್ಲೂಸ್ ಸೇರಿ ಆದ ಸಂಗೀತ. ವಲಸೆ ಬಂದವರ ಜೊತೆ ಅದು ಬ್ರಿಟನ್ನಿಗೂ ಬಂತು. 1979ರಲ್ಲಿ ಕೊವೆಂಟ್ರಿಯ ಕಪ್ಪು ಮತ್ತು ಬಿಳಿ ಹುಡುಗರು ಕೂಡಿ ಅದಕ್ಕೆ ಮರುಜೀವ ಕೊಟ್ಟರು. ಗಾಯಕ ನೆವಿಲ್ ಸ್ಟೇಪಲ್, ಗಿಟಾರಿನ ಲಿನ್ವಲ್ ಗೋಲ್ಡಿಂಗ್ ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು. ಬ್ಯಾಂಡ್ ಕಟ್ಟಿದ ಜೆರಿ ಡ್ಯಾಮರ್ಸ್ ಹುಟ್ಟಿದ್ದು, ನಂಬಿ, ನಮ್ಮ ಮೈಸೂರಿನ ಪಕ್ಕದ ಊಟಿಯಲ್ಲಿ!

ಮೊದಲ ಆಲ್ಬಮ್ಮಿನಲ್ಲಿ ಅವರು ಬಹುಪಾಲು ಹಿರಿಯರ ದಾರಿಯಲ್ಲೇ ನಡೆದರು. ಹಲವು ಹಾಡುಗಳು ಹಳೆಯ ಜಮೈಕನ್ ಹಾಡುಗಳೇ, ಅಥವಾ ಅವುಗಳ ಮೇಲೆ ಕಟ್ಟಿದವು. ಜನ ಕುಣಿದರು. ಅದನ್ನೇ ಇನ್ನೊಮ್ಮೆ ಮಾಡಬಹುದಿತ್ತು. ಆದರೆ ಎರಡನೆಯದರಲ್ಲಿ ಡ್ಯಾಮರ್ಸ್ ಹೋಟೆಲ್ ಲಾಬಿಗಳಲ್ಲಿ, ಲಿಫ್ಟುಗಳಲ್ಲಿ ಕೇಳಿಬರುವ ಹಗುರ ಸಂಗೀತವನ್ನು ತಂದು ಸ್ಕಾಗೆ ಬೆರೆಸಿದರು. ಡ್ರಮ್ ಮಷೀನ್ ಬಂತು, ಸೋಲ್ ಬಂತು, ಅಣುಯುದ್ಧದ ಭಯವೂ ಬಂತು. ಒಂದೇ ಹಾಡು ಆಲ್ಬಮ್ಮಿನ ಆರಂಭದಲ್ಲಿ ಕುಣಿಸುತ್ತದೆ, ಕೊನೆಯಲ್ಲಿ ನಿಧಾನವಾಗಿ ಮರಳಿ ಬಂದು ಮನಸ್ಸು ಭಾರ ಮಾಡುತ್ತದೆ. ಬ್ಯಾಂಡಿನೊಳಗೇ ಈ ಹಾದಿ ಎಲ್ಲರಿಗೂ ಹಿಡಿಸಲಿಲ್ಲ. ಆದರೂ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು. ಮರುವರ್ಷ ಬಂದ 'ಘೋಸ್ಟ್ ಟೌನ್' ಮೊದಲ ಸ್ಥಾನಕ್ಕೇ ಹೋಯಿತು. ಕೇಳಿದರೆ ಗೊತ್ತಾಗುತ್ತದೆ, ಅದರ ಬೀಜ ಈ ಎರಡನೇ ಆಲ್ಬಮ್ಮಿನಲ್ಲಿದೆ.

ಒಗ್ಗರಣೆ ಹಾಕುತ್ತಾ ನನಗೆ ಹೊಳೆದದ್ದು ಇಷ್ಟು. ನಮ್ಮ ಮಕ್ಕಳ ಮೊದಲ ಆಲ್ಬಮ್ ನಾವು ಹೇಳಿಕೊಟ್ಟ ಮಾತು: ಅಮ್ಮ, ಅನ್ನ, ಆನೆ ಬಂತೊಂದಾನೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆಮೇಲೆ ಅವರು ತಮ್ಮದೇ ಸುದ್ದಿಯನ್ನು, ಇಲ್ಲಿನ ಶಾಲೆಯ, ಇಲ್ಲಿನ ಗೆಳೆಯರ ಸುದ್ದಿಯನ್ನು ಕನ್ನಡದಲ್ಲಿ ಹೇಳಲು ಹೊರಡುತ್ತಾರೆ. ಅದು ಎರಡನೇ ಆಲ್ಬಮ್. ಅದರಲ್ಲಿ ಇಂಗ್ಲಿಷ್ ಬೆರೆಯುತ್ತದೆ, ಟೀಚರ್ "ಹೇಳಿತು" ಆಗುತ್ತದೆ. ಆಗ ನಾವು ಚಪ್ಪಾಳೆ ನಿಲ್ಲಿಸಿ ಕೆಂಪು ಪೆನ್ನು ಹಿಡಿಯುತ್ತೇವೆ.

ಹೋಲಿಕೆ ಪುರಾವೆಯಲ್ಲ ಎಂದು ನನ್ನೊಳಗಿನ ವಿಜ್ಞಾನಿ ಗೊಣಗುತ್ತಾಳೆ, ನಿಜ. ತಪ್ಪನ್ನು ಹಾಗೇ ಬಿಡಿ ಎಂದೂ ನಾನು ಹೇಳುತ್ತಿಲ್ಲ. ತಡೆದು ತಿದ್ದುವ ಬದಲು, ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲೇ ಸೇರಿಸಿ. "ಟೀಚರ್ ಹೇಳಿತು" ಎಂದರೆ, "ಹೌದಾ, ಟೀಚರ್ ಏನು ಹೇಳಿದರು?" ಎಂದು ಕೇಳಿ. ಕಿವಿಗೆ ಪಾಠವೂ ಬೀಳುತ್ತದೆ, ಕಥೆಯೂ ಮುಂದುವರಿಯುತ್ತದೆ.

ಈ ವಾರ ಮಕ್ಕಳ ಜೊತೆ ಒಂದು ಆಟ ಆಡಿ. ಸ್ಕಾ ಹಾಡೊಂದನ್ನು ಹಾಕಿ, "ಒಂದು ಮತ್ತೆ ಎರಡು ಮತ್ತೆ ಮೂರು ಮತ್ತೆ ನಾಲ್ಕು ಮತ್ತೆ" ಎಂದು ಎಣಿಸಿ. ಕಾಲು ಅಂಕಿಗೆ, ಚಪ್ಪಾಳೆ "ಮತ್ತೆ"ಗೆ. ಸ್ಕಾ ಗಿಟಾರ್ ಬೀಳುವುದು ಆ "ಮತ್ತೆ"ಯ ಮೇಲೇ. ನಿಮ್ಮ ಚಪ್ಪಾಳೆ ತಪ್ಪುತ್ತದೆ, ಮಕ್ಕಳು ನಗುತ್ತಾರೆ, ನಗಲಿ. 'ಮೋರ್ ಸ್ಪೆಷಲ್ಸ್'ನ ಕೆಲವು ಹಾಡುಗಳ ಮಾತು ದೊಡ್ಡವರಿಗೆ ಮಾತ್ರ, ಮೊದಲು ನೀವು ಕೇಳಿ ಆರಿಸಿ.

ಮೊನ್ನೆ ಭಾನುವಾರ ಮಗ ತಾನಾಗಿ ಫೋನ್ ಕೇಳಿದ. "ಅಜ್ಜಿ, ಟೀಚರ್ ಹೇಳಿತು, ನಾನು ಅಸೆಂಬ್ಲಿಯಲ್ಲಿ ಓದಬೇಕಂತೆ!" ನಾನು ತುಟಿ ಕಚ್ಚಿಕೊಂಡೆ. ಅಜ್ಜಿ, "ಹೌದೇನೋ! ಟೀಚರ್ ಹಾಗಂದರಾ? ಏನು ಓದ್ತೀಯಾ?" ಎಂದರು.

ಇಪ್ಪತ್ತು ನಿಮಿಷ ಮಾತಾಡಿದ. ತಪ್ಪುಗಳನ್ನು ನಾನು ಎಣಿಸಲಿಲ್ಲ.